ನೌಕರಿ ಬಿಟ್ಟವರ ಬುತ್ತಿ

ದೊಡ್ಡ ಕಂಪನಿಯೊಂದರಲ್ಲಿ ಕೈತುಂಬ ಸಂಬಳ ಪಡೆಯುತ್ತಿದ್ದ ಎಂಜಿನಿಯರೊಬ್ಬನು ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಒಬ್ಬಿಬ್ಬರು ಗೆಳೆಯರನ್ನು ಕೂಡಿಕೊಂಡು, ಮೊಬೈಲ್ ಫೋನಿಗಾಗಿ ಹೊಸ ತಂತ್ರಾಂಶವೊಂದನ್ನು ರಚಿಸಿ, ಕೆಲವೇ ವರ್ಷಗಳಲ್ಲಿ ಕುಬೇರನಾದನೆಂಬ ಕಥೆಯನ್ನು ಇಂದು ಕೇಳದ ವಿದ್ಯಾರ್ಥಿಯಿಲ್ಲ. ಹಿಂದಿನ ಮಕ್ಕಳಿಗೆ ರಾಜಕುಮಾರನು ಏಳು ಸಮುದ್ರಗಳನ್ನು ದಾಟಿದ ಕಥೆ ಹೇಗೋ ಇಂದಿನವರಿಗೆ ಇದು ಹಾಗೆ. ಕಥೆ ಹೇಳುವವರು ಅದರಿಂದ ತೆಗೆಯುವ ನೀತಿಯೂ ಸಾಮಾನ್ಯವಾಗಿ ಒಂದೇ: ನೌಕರಿಯೆಂಬುದು ಸಂಕೋಲೆ, ಅದನ್ನು ಕಡಿದುಕೊಳ್ಳುವ ಧೈರ್ಯವೊಂದಿದ್ದರೆ ಉಳಿದುದೆಲ್ಲ ತಾನಾಗಿ ಒದಗುತ್ತದೆ. ಈ ನೀತಿಯಲ್ಲಿ ಅರ್ಧ ಸತ್ಯವಿದೆ. ಆದರೆ ಪೂರ್ತಿ ಸುಳ್ಳಿಗಿಂತ ಅರ್ಧ ಸತ್ಯವೇ ಹೆಚ್ಚು ಮಂದಿಯನ್ನು ದಾರಿ ತಪ್ಪಿಸುತ್ತದೆ. ಏಕೆಂದರೆ ಅದನ್ನು ನಂಬುವುದು ಸುಲಭ.

ದೂರದ ಪಯಣಕ್ಕೆ ಹೊರಟವರಿಗೆ ಬುತ್ತಿ ಕಟ್ಟಿಕೊಡುವುದು ನಮ್ಮ ಕಡೆಯ ಪದ್ಧತಿ. ಹೊರಡುವವನು ಹೊಸ್ತಿಲು ದಾಟುವ ಗಳಿಗೆ ಊರಿನವರೆಲ್ಲರ ಕಣ್ಣಿಗೆ ಬೀಳುತ್ತದೆ. ಅವನ ಗಂಟಿನಲ್ಲಿ ಏನೇನಿತ್ತೆಂಬುದು ಕಟ್ಟಿಕೊಟ್ಟವರಿಗೆ ಮಾತ್ರ ಗೊತ್ತು. ನೌಕರಿ ಬಿಟ್ಟು ಗೆದ್ದವರ ವಿಷಯದಲ್ಲಿಯೂ ನಾವು ಹೊಸ್ತಿಲನ್ನು ಕೊಂಡಾಡುತ್ತ ಬುತ್ತಿಯನ್ನು ಮರೆತಿದ್ದೇವೆ. ಬಿಡುವುದು ತಾನಾಗಿ ಗುಣವೂ ಅಲ್ಲ, ದೋಷವೂ ಅಲ್ಲ. ಬಿಟ್ಟವನು ಏನನ್ನು ಹೊತ್ತು ಹೊರಟನೆಂಬುದೇ ಮುಖ್ಯವೆಂಬುದು ಈ ಲೇಖನದ ವಾದ.

ತರಕಾರಿ ಮಾರುವವರಿಂದ ಮೊದಲುಗೊಂಡು ಪ್ರಾಧ್ಯಾಪಕರವರೆಗೆ ನಮ್ಮಲ್ಲಿ ಎಲ್ಲರೂ ಬಳಸುವ ವಾಟ್ಸಾಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಸ್ಥಾಪಕರಾದ ಜಾನ್ ಕೂಮ್ ಮತ್ತು ಬ್ರಯಾನ್ ಆಕ್ಟನ್ ಇಬ್ಬರೂ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಯಾಹೂ ಎಂಬ ಹೆಸರಾಂತ ಕಂಪನಿಯ ಎಂಜಿನಿಯರುಗಳಾಗಿದ್ದವರು. 2007ರಲ್ಲಿ ಇಬ್ಬರೂ ಆ ಕೆಲಸವನ್ನು ಬಿಟ್ಟರು. 2014ರ ಫೆಬ್ರವರಿಯಲ್ಲಿ ಅವರ ಕಂಪನಿಯನ್ನು ಸುಮಾರು 1,900 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಫೇಸ್‌ಬುಕ್ ಪ್ರಕಟಿಸಿತು. ಆಗ ವಾಟ್ಸಾಪನ್ನು ಪ್ರತಿ ತಿಂಗಳೂ ಬಳಸುತ್ತಿದ್ದವರು 45 ಕೋಟಿ ಜನ. ಅದನ್ನು ನಡೆಸುತ್ತಿದ್ದವರು ಸುಮಾರು 55 ಮಂದಿ. ಕಥೆ ಹೇಳುವವರು 2007ರಿಂದ 2014ಕ್ಕೆ ಒಂದೇ ನೆಗೆತದಲ್ಲಿ ಹಾರುತ್ತಾರೆ. ನಾವು ಸ್ವಲ್ಪ ನಿಧಾನವಾಗಿ ನಡೆಯೋಣ.

ಅವರು ಕೆಲಸ ಬಿಟ್ಟದ್ದು ಸುಮಾರು ಹತ್ತು ವರ್ಷ ದುಡಿದ ಮೇಲೆ ಎಂಬುದನ್ನು ಮೊದಲು ಗಮನಿಸಬೇಕು. ಜನರು ತಮ್ಮ ಯಂತ್ರಗಳಿಂದ ಕೇಳಿದ ಮಾಹಿತಿಯನ್ನು ದೂರದಲ್ಲಿದ್ದುಕೊಂಡು ಒದಗಿಸುವ ಕಂಪ್ಯೂಟರಿಗೆ ಸರ್ವರು ಎಂದು ಹೆಸರು. ಕೋಟ್ಯಂತರ ಜನ ಒಮ್ಮೆಗೇ ಬಾಗಿಲು ತಟ್ಟಿದಾಗ ಸರ್ವರು ಎಲ್ಲಿ ಕುಸಿಯುತ್ತದೆ, ಕುಸಿದುದನ್ನು ಬಳಕೆದಾರರಿಗೆ ತಿಳಿಯದಂತೆ ಎತ್ತಿ ನಿಲ್ಲಿಸುವುದು ಹೇಗೆ ಎಂಬ ವಿದ್ಯೆ ಪುಸ್ತಕದಿಂದ ಪೂರ್ತಿಯಾಗಿ ಬರುವಂಥದಲ್ಲ. ಅಷ್ಟು ಬಳಕೆದಾರರಿರುವ ಕಂಪನಿಯೇ ಅದರ ಪ್ರಯೋಗಶಾಲೆ. ಆ ಪ್ರಯೋಗಶಾಲೆಯಲ್ಲಿ ಈ ಇಬ್ಬರು ಸಂಬಳ ಪಡೆಯುತ್ತಲೇ ಒಂದು ದಶಕ ಕಲಿತರು. ನೌಕರಿ ಅವರಿಗೆ ಸಂಕೋಲೆಯಾಗಿತ್ತೋ ಇಲ್ಲವೋ, ಪಾಠಶಾಲೆಯಾಗಿತ್ತೆಂಬುದು ನಿಸ್ಸಂದೇಹ.

ಕೆಲಸ ಬಿಟ್ಟ ಮರುದಿನವೇ ಅವರು ಕಂಪನಿ ಕಟ್ಟಲಿಲ್ಲ ಎಂಬುದೂ ಗಮನಾರ್ಹ. ಉಳಿತಾಯದ ಹಣದಲ್ಲಿ ಕೆಲಕಾಲ ದಕ್ಷಿಣ ಅಮೆರಿಕದಲ್ಲಿ ತಿರುಗಾಡಿದರು. 2009ರಲ್ಲಿ ಆಕ್ಟನ್ ಟ್ವಿಟರಿನಲ್ಲಿಯೂ ಫೇಸ್‌ಬುಕ್ಕಿನಲ್ಲಿಯೂ ನೌಕರಿ ಕೇಳಿ, ಎರಡು ಕಡೆಯೂ ಇಲ್ಲವೆನ್ನಿಸಿಕೊಂಡರು. ಅಂದರೆ, ನೌಕರಿಯನ್ನು ಶಾಶ್ವತವಾಗಿ ತ್ಯಜಿಸುವ ವ್ರತವನ್ನೇನೂ ಅವರು ತೊಟ್ಟಿರಲಿಲ್ಲ. ಈ ನಡುವೆ 2008ರ ಜುಲೈನಲ್ಲಿ ಆಪಲ್ ಕಂಪನಿ ತನ್ನ ಐಫೋನಿಗಾಗಿ ಆ್ಯಪ್ ಸ್ಟೋರ್ ಎಂಬ ಮಳಿಗೆಯನ್ನು ತೆರೆದಿತ್ತು. ಅದುವರೆಗೆ ಫೋನಿನೊಳಗೆ ಯಾವ ತಂತ್ರಾಂಶಗಳಿರಬೇಕೆಂಬುದನ್ನು ಫೋನು ತಯಾರಿಸುವವರೂ ದೂರವಾಣಿ ಕಂಪನಿಗಳೂ ಬಹುಮಟ್ಟಿಗೆ ನಿರ್ಧರಿಸುತ್ತಿದ್ದರು. ಹೊರಗಿನ ಸಾಮಾನ್ಯ ರಚನಕಾರನು ತನ್ನ ಸರಕನ್ನು ನೇರವಾಗಿ ಜನರ ಕೈಗೆ ಮುಟ್ಟಿಸುವುದು ಪ್ರಯಾಸದ ಕೆಲಸವಾಗಿತ್ತು. 2009ರ ಜನವರಿಯಲ್ಲಿ ಐಫೋನ್ ಕೊಂಡ ಕೂಮ್ ಈ ಮಳಿಗೆಯ ಮಹತ್ವವನ್ನು ಕಂಡುಕೊಂಡರು. ಫೆಬ್ರವರಿ 24ರಂದು ವಾಟ್ಸಾಪ್ ಕಂಪನಿ ನೋಂದಣಿಯಾಯಿತು.

ಆದರೆ ಮೊದಲ ವಾಟ್ಸಾಪಿನಲ್ಲಿ ಸಂದೇಶ ಕಳುಹಿಸುವ ಸೌಕರ್ಯವೇ ಇರಲಿಲ್ಲ. ‘ಕೆಲಸದಲ್ಲಿದ್ದೇನೆ’, ‘ಬ್ಯಾಟರಿ ಮುಗಿಯುತ್ತಿದೆ’ ಎಂಬಂಥ ಸ್ಥಿತಿಯನ್ನು ಗೆಳೆಯರಿಗೆ ತೋರಿಸುವುದಷ್ಟೆ ಅದರ ಕೆಲಸ. ಅದನ್ನು ಬಳಸಿದವರು ಕೆಲವೇ ಮಂದಿ; ಅದು ಆಗಾಗ ಕೆಟ್ಟು ನಿಲ್ಲುತ್ತಲೂ ಇತ್ತು. ಕೂಮ್ ಅದನ್ನು ಕೈಬಿಡಲು ಹೊರಟಾಗ, ಇನ್ನು ಕೆಲವು ತಿಂಗಳು ತಾಳಿರೆಂದು ಹೇಳಿದವರು ಆಕ್ಟನ್. ಅಷ್ಟರಲ್ಲಿ, 2009ರ ಜೂನ್‌ನಲ್ಲಿ, ಆಪಲ್ ಒಂದು ಹೊಸ ಏರ್ಪಾಡನ್ನು ಜಾರಿಗೆ ತಂದಿತು. ಫೋನಿನ ಬ್ಯಾಟರಿ ಸಣ್ಣದು. ಪ್ರತಿಯೊಂದು ತಂತ್ರಾಂಶವೂ ‘ನನಗೇನಾದರೂ ಸುದ್ದಿ ಬಂತೆ?’ ಎಂದು ಸದಾ ವಿಚಾರಿಸುತ್ತಿದ್ದರೆ ಅದು ಬೇಗನೆ ಬರಿದಾಗುತ್ತದೆ. ಆದುದರಿಂದ ಬಳಕೆಯಲ್ಲಿಲ್ಲದ ತಂತ್ರಾಂಶಗಳನ್ನು ಮಲಗಿಸಿಡಬೇಕಾಗುತ್ತದೆ. ಹೊಸ ಏರ್ಪಾಡಿನಂತೆ ಫೋನು ಆಪಲ್‌ನ ಸರ್ವರಿನೊಡನೆ ಒಂದೇ ಒಂದು ಸಂಪರ್ಕವನ್ನು ಉಳಿಸಿಕೊಂಡಿರುತ್ತದೆ. ಯಾವ ತಂತ್ರಾಂಶಕ್ಕೆ ಸುದ್ದಿ ಬಂದರೂ ಆ ಒಂದೇ ದಾರಿಯಲ್ಲಿ ಕರೆ ಬರುತ್ತದೆ. ಓಣಿಯ ಪ್ರತಿಯೊಂದು ಮನೆಯವರೂ ಗಳಿಗೆಗೊಮ್ಮೆ ಅಂಚೆಕಚೇರಿಗೆ ಓಡುವ ಬದಲು ಅಂಚೆಯವನೊಬ್ಬನೇ ಬಂದು ಬಾಗಿಲು ತಟ್ಟಿದಂತೆ. ಈಗ ಒಬ್ಬರು ಸ್ಥಿತಿ ಬದಲಿಸಿದೊಡನೆ ಗೆಳೆಯರ ಫೋನುಗಳು ಸದ್ದು ಮಾಡತೊಡಗಿದುವು. ಜನರು ಸ್ಥಿತಿಯನ್ನೇ ಮಾತುಕತೆಗೆ ಬಳಸತೊಡಗಿದರು. ತಾವು ಕಟ್ಟಬೇಕಾದುದು ಸಂದೇಶವಾಹಕವನ್ನು ಎಂಬುದು ಸ್ಥಾಪಕರಿಗೆ ಹೊಳೆದದ್ದು ಬಳಕೆದಾರರ ನಡತೆಯನ್ನು ನೋಡಿ.

ಸಂದೇಶ ಕಳುಹಿಸುವ ಸೌಕರ್ಯ ಮೊದಲೇ ಇತ್ತಲ್ಲವೆ ಎಂದು ವಾಚಕರು ಕೇಳಬಹುದು. ಇತ್ತು. ಮೊದಲ ಎಸ್ಎಂಎಸ್ 1992ರ ಡಿಸೆಂಬರಿನಲ್ಲಿಯೇ ರವಾನೆಯಾಗಿತ್ತು. ಆದರೆ ಅದರ ಒಂದು ಸಂದೇಶದಲ್ಲಿ ಹಿಡಿಸುವುದು 1,120 ಬಿಟ್‌ಗಳು ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ ಸಾಕಾದುದರಿಂದ 160 ಅಕ್ಷರಗಳು ಹಿಡಿಸುತ್ತವೆ. ಕನ್ನಡದ ಒಂದೊಂದು ಸಂಕೇತಕ್ಕೆ 16 ಬಿಟ್ ಬೇಕು. ಹಾಗಾಗಿ ಹಿಡಿಸುವುವು 70 ಸಂಕೇತಗಳಷ್ಟೆ. ಅದೂ ಸ್ವರಚಿಹ್ನೆಗಳೂ ಒತ್ತಕ್ಷರವನ್ನು ಕೂಡಿಸುವ ವಿರಾಮಚಿಹ್ನೆಯೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಪುಸ್ತಕ’ ಎಂಬುದು ನಮ್ಮ ಕಣ್ಣಿಗೆ ಮೂರಕ್ಷರ. ಯಂತ್ರದ ಲೆಕ್ಕದಲ್ಲಿ ಆರು ಸಂಕೇತ. ಇಂಟರ್ನೆಟ್ಟಿನ ಮೂಲಕ ಹೋಗುವ ಸಂದೇಶಕ್ಕೆ ಈ ಇಕ್ಕಟ್ಟಿಲ್ಲ. ಕನ್ನಡದಂಥ ಲಿಪಿಗಳಲ್ಲಿ ಬರೆಯುವವರಿಗೆ ಈ ಬದಲಾವಣೆ ಬರಿಯ ಅಗ್ಗದ ಸೌಕರ್ಯವಾಗಿರಲಿಲ್ಲ. ತಮ್ಮ ಮಾತನ್ನು ತಮ್ಮ ಅಕ್ಷರಗಳಲ್ಲಿ ಪೂರ್ತಿಯಾಗಿ ಹೇಳುವ ಅವಕಾಶವಾಗಿತ್ತು.

55 ಮಂದಿ 45 ಕೋಟಿ ಜನರ ಸಂದೇಶಗಳನ್ನು ನಿಭಾಯಿಸಿದ್ದು ಹೇಗೆ? ಇದರ ಉತ್ತರಕ್ಕಾಗಿ ಕ್ಯಾಲಿಫೋರ್ನಿಯದಿಂದ ಯೂರೋಪಿಗೆ ಹೋಗಬೇಕು. 1909ರಲ್ಲಿ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಎರ್ಲಾಂಗ್, ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯ ಉದ್ಯೋಗಿಯಾಗಿದ್ದಾಗ, ದೂರವಾಣಿ ಕರೆಗಳ ದಟ್ಟಣೆಯನ್ನು ಸಂಭವನೀಯತೆಯ ಗಣಿತದಿಂದ ಅಳೆಯುವ ಪ್ರಬಂಧವನ್ನು ಪ್ರಕಟಿಸಿದರು. 1986ರಲ್ಲಿ ಸ್ವೀಡನ್ನಿನ ಎರಿಕ್‌ಸನ್ ಕಂಪನಿಯ ಪ್ರಯೋಗಶಾಲೆಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ರೂಪಿಸತೊಡಗಿದ ಕಂಪ್ಯೂಟರ್ ಭಾಷೆಗೆ ಅವರದೇ ಹೆಸರು ಬಂದಿತು. ಈ ಭಾಷೆಯಲ್ಲಿ ಪ್ರತಿಯೊಂದು ಸಂಭಾಷಣೆಯನ್ನೂ ಪ್ರತ್ಯೇಕವಾದ ಪುಟ್ಟ ಕಾರ್ಯಘಟಕವೊಂದು ನೋಡಿಕೊಳ್ಳುತ್ತದೆ. ಒಂದು ಘಟಕ ಕೆಟ್ಟರೆ ಅದರ ಮೇಲ್ವಿಚಾರಕ ಘಟಕವು ಅದನ್ನು ತೆಗೆದುಹಾಕಿ ಹೊಸದನ್ನು ಹೂಡುತ್ತದೆ. ಪಕ್ಕದ ಸಂಭಾಷಣೆಗೆ ಅದರ ಸುಳಿವೂ ತಾಗದು. ವಾಟ್ಸಾಪ್ ತನ್ನ ಸರ್ವರುಗಳಿಗೆ ಆರಿಸಿಕೊಂಡದ್ದು ಈ ಎರ್ಲಾಂಗ್ ಭಾಷೆಯನ್ನು. 2012ರ ವೇಳೆಗೆ ಅವರ ಒಂದೊಂದು ಯಂತ್ರ ಏಕಕಾಲದಲ್ಲಿ 20 ಲಕ್ಷ ಸಂಪರ್ಕಗಳನ್ನು ಹಿಡಿದಿಡಬಲ್ಲುದಾಗಿತ್ತು.

ಇಲ್ಲೊಂದು ಸ್ವಾರಸ್ಯವಿದೆ. 1998ರಲ್ಲಿ ಎರಿಕ್‌ಸನ್ನಿನ ಒಂದು ವಿಭಾಗವು ತನ್ನ ಹೊಸ ಉತ್ಪನ್ನಗಳಲ್ಲಿ ಈ ಭಾಷೆಯನ್ನು ಬಳಸಕೂಡದೆಂದು ನಿಷೇಧಿಸಿತು. ಅದೇ ವರ್ಷದ ಕೊನೆಯಲ್ಲಿ ಭಾಷೆಯನ್ನು ಯಾರು ಬೇಕಾದರೂ ಹಣ ತೆರದೆ ಬಳಸುವಂತೆ ಸಾರ್ವಜನಿಕವಾಗಿ ಬಿಡುಗಡೆ ಮಾಡಲಾಯಿತು. ಆರ್ಮ್‌ಸ್ಟ್ರಾಂಗ್ ಮತ್ತು ಕೆಲವರು ಎರಿಕ್‌ಸನ್ನನ್ನು ಬಿಟ್ಟು ಬ್ಲೂಟೇಲ್ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿದರು. ಹತ್ತು ವರ್ಷಗಳ ಅನಂತರ ಇನ್ನಾರೋ ನೌಕರಿ ಬಿಟ್ಟಾಗ ಅವರ ಬುತ್ತಿಯಲ್ಲಿ ಆ ಭಾಷೆ ಸಿದ್ಧವಾಗಿತ್ತು. ಒಬ್ಬನ ಸಾಹಸವೆಂದು ನಾವು ಎಣಿಸುವುದರ ಬೆನ್ನ ಹಿಂದೆ ನೂರು ವರ್ಷಗಳ, ನೂರಾರು ಜನರ ದುಡಿಮೆಯಿರುತ್ತದೆ.

ಧೈರ್ಯವೂ ಪ್ರತಿಭೆಯೂ ಇದ್ದು ಕಾಲ ಪಕ್ವವಾಗದಿದ್ದರೆ ಏನಾಗುತ್ತದೆಂಬುದಕ್ಕೂ ನಿದರ್ಶನವುಂಟು. 1990ರಲ್ಲಿ ಆಪಲ್‌ನ ಅತಿ ಸಮರ್ಥ ತಂತ್ರಾಂಶ ನಿಪುಣರಲ್ಲಿ ಇಬ್ಬರಾದ ಬಿಲ್ ಅಟ್ಕಿನ್ಸನ್ ಮತ್ತು ಆ್ಯಂಡಿ ಹರ್ಟ್ಸ್‌ಫೆಲ್ಡ್, ಮಾರ್ಕ್ ಪೊರಾಟ್ ಅವರೊಡನೆ ಸೇರಿ ಜನರಲ್ ಮ್ಯಾಜಿಕ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಜೇಬಿನಲ್ಲಿ ಇಟ್ಟುಕೊಂಡು ಪತ್ರ ಕಳುಹಿಸಬಹುದಾದ, ಸರಕು ಕೊಳ್ಳಬಹುದಾದ, ದಿನಚರಿ ಬರೆಯಬಹುದಾದ ಯಂತ್ರವೇ ಅವರ ಕನಸು. ಇಂದಿನ ಸ್ಮಾರ್ಟ್‌ಫೋನಿನ ಚಿತ್ರ ಅವರ ಕಣ್ಣ ಮುಂದೆ ಸ್ಪಷ್ಟವಾಗಿಯೇ ಇತ್ತು. 1994ರಲ್ಲಿ ಸೋನಿ ಕಂಪನಿಯ ಮೂಲಕ ಅವರ ಯಂತ್ರ ಮಾರುಕಟ್ಟೆಗೂ ಬಂತು. ಆದರೆ ಎಲ್ಲ ಕಡೆಯೂ ಎಟುಕುವ ವೇಗದ ನಿಸ್ತಂತು ಜಾಲ ಆಗ ಇರಲಿಲ್ಲ. ಅವರು ನೆಚ್ಚಿದ್ದು ದೂರವಾಣಿ ಕಂಪನಿಯೊಂದರ ಖಾಸಗಿ ಜಾಲವನ್ನು. ಜನರು ಹೋದದ್ದು ಎಲ್ಲರಿಗೂ ತೆರೆದಿದ್ದ ವರ್ಲ್ಡ್ ವೈಡ್ ವೆಬ್ಬಿನ ಕಡೆಗೆ. ಯಂತ್ರ ಮಾರಾಟವಾಗಲಿಲ್ಲ, 2002ರಲ್ಲಿ ಕಂಪನಿ ಮುಚ್ಚಿತು. ವಾಟ್ಸಾಪಿನವರಿಗಿಂತ ಇವರ ಧೈರ್ಯ ಕಡಿಮೆಯಾಗಿತ್ತೆ? ಬುದ್ಧಿ ಕಡಿಮೆಯಾಗಿತ್ತೆ? ಹಾಗೆ ಹೇಳುವಂತಿಲ್ಲ. ಬಿತ್ತನೆಯ ಕಾಳು ಒಳ್ಳೆಯದೇ; ಮಳೆ ಬಂದಿರಲಿಲ್ಲ.

ಆದರೂ ಆ ಬೆಳೆ ಪೂರ್ತಿ ಒಣಗಿಹೋಗಲಿಲ್ಲ. ಅಲ್ಲಿ ಕೆಲಸ ಕಲಿತ ಟೋನಿ ಫ್ಯಾಡೆಲ್ ಮುಂದೆ ಆಪಲ್‌ನಲ್ಲಿ ಐಪಾಡ್ ಯಂತ್ರದ ನಿರ್ಮಾಣದಲ್ಲಿ ಮುಂದಾಳಾದರು. ಅಲ್ಲಿಯೇ ದುಡಿದ ಆ್ಯಂಡಿ ರೂಬಿನ್ 2003ರಲ್ಲಿ ಗೆಳೆಯರೊಡನೆ ಆಂಡ್ರಾಯ್ಡ್ ಕಂಪನಿಯನ್ನು ಹುಟ್ಟುಹಾಕಿದರು. ಸೋತ ಕಂಪನಿಯೂ ಒಂದು ಶಾಲೆಯೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರಿಂದ ತಿಳಿಯಬೇಕಾದುದು ಇನ್ನೊಂದಿದೆ. ಒಂದು ಔಷಧದ ಗುಣವನ್ನು ಪರೀಕ್ಷಿಸುವಾಗ ಗುಣಮುಖರಾದವರನ್ನು ಮಾತ್ರ ವಿಚಾರಿಸಿ, ಉಳಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ವಿಷವೂ ಅಮೃತದಂತೆ ತೋರಬಹುದು. ನೌಕರಿ ಬಿಟ್ಟವರ ವಿಷಯದಲ್ಲಿ ನಾವು ಮಾಡುತ್ತಿರುವುದು ಇಂಥದೇ ಪರೀಕ್ಷೆ. ಗೆದ್ದವನ ಕಥೆ ಊರಿಗೆಲ್ಲ ಕೇಳುತ್ತದೆ. ಸೋತವನದು ಮನೆಯ ಬಾಗಿಲು ದಾಟುವುದಿಲ್ಲ. ಗೆದ್ದವರೆಲ್ಲರಲ್ಲಿಯೂ ಧೈರ್ಯವಿತ್ತೆಂಬುದು ನಿಜ. ಸೋತವರಲ್ಲಿಯೂ ಅದೇ ಧೈರ್ಯವಿದ್ದರೆ, ಗೆಲುವಿಗೆ ಅದೊಂದೇ ಕಾರಣವೆನ್ನುವುದು ತರ್ಕಕ್ಕೆ ನಿಲ್ಲದು.

ನಮ್ಮ ಬೆಂಗಳೂರಿನಲ್ಲಿಯೂ ಇದೇ ನಿಯಮ ಕಾಣುತ್ತದೆ. ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಅಮೆಜಾನಿನ ಕೆಲಸ ಬಿಟ್ಟು 2007ರಲ್ಲಿ ಫ್ಲಿಪ್‌ಕಾರ್ಟನ್ನು ಕಟ್ಟಿದರು. ಫ್ಲಿಪ್‌ಕಾರ್ಟಿನಲ್ಲಿ ಕೆಲಸ ಮಾಡಿದ್ದ ಸಮೀರ್ ನಿಗಮ್, ರಾಹುಲ್ ಚಾರಿ ಮೊದಲಾದವರು ಅಲ್ಲಿಂದ ಹೊರಬಂದು 2015ರ ಡಿಸೆಂಬರಿನಲ್ಲಿ ಫೋನ್‌ಪೇ ಕಂಪನಿಯನ್ನು ಸ್ಥಾಪಿಸಿದರು. ಕೆಲವೇ ತಿಂಗಳಲ್ಲಿ ಫ್ಲಿಪ್‌ಕಾರ್ಟೇ ಅದನ್ನು ಕೊಂಡಿತು. ಒಂದೊಂದು ಕಂಪನಿಯೂ ಮುಂದಿನದಕ್ಕೆ ಪಾಠಶಾಲೆಯಾದುದನ್ನು ಇಲ್ಲಿ ನೋಡಬಹುದು. ಫೋನ್‌ಪೇ ಹಣವನ್ನು ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಕ್ಷಣಮಾತ್ರದಲ್ಲಿ ಸಾಗಿಸುವ ಹೆದ್ದಾರಿ ಯಾವುದು? 2016ರ ಏಪ್ರಿಲಿನಲ್ಲಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಜಾರಿಗೆ ತಂದ ಯುಪಿಐ ವ್ಯವಸ್ಥೆ. ಬ್ಯಾಂಕುಗಳೆಲ್ಲ ಒಪ್ಪಿಕೊಂಡ ಆ ಸಾಮಾನ್ಯ ನಿಯಮಾವಳಿ ಇಲ್ಲದಿದ್ದರೆ ಹೊಸ ಕಂಪನಿಯೊಂದು ಬ್ಯಾಂಕುಬ್ಯಾಂಕಿನ ಬಾಗಿಲಿಗೂ ಅಲೆಯಬೇಕಾಗುತ್ತಿತ್ತು. ಬಂಡಿ ಖಾಸಗಿಯದಾದರೂ ರಸ್ತೆ ಎಲ್ಲರದು.

ಹೀಗೆಂದ ಮಾತ್ರಕ್ಕೆ ತರುಣರು ನೌಕರಿಗೆ ಅಂಟಿಕೊಂಡೇ ಇರಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಕಲಿಯುತ್ತೇನೆಂದು ಕುಳಿತವನು ಕುಳಿತಲ್ಲಿಯೇ ಬೇರು ಬಿಡುವುದುಂಟು. ತಿಂಗಳ ಸಂಬಳ ಸವಿಯಾದ ಮಂಪರು ಬರಿಸುವುದುಂಟು. ಎರಿಕ್‌ಸನ್ನಿನ ವಿಭಾಗ ಎರ್ಲಾಂಗನ್ನು ನಿಷೇಧಿಸಿದಂತೆ, ದೊಡ್ಡ ಕಂಪನಿಗಳು ತಮ್ಮ ಮನೆಯಲ್ಲಿ ಹುಟ್ಟಿದ ಕೂಸನ್ನೇ ಗುರುತಿಸದೆ ಹೊರಗಟ್ಟುವುದೂ ಉಂಟು. ಆಗ ಹೊರಬರುವವರು ಇಲ್ಲದಿದ್ದರೆ ಹೊಸದೊಂದೂ ಹುಟ್ಟದು. ಬಿಡುವ ದಿನ ಬರಲಿ; ಆದರೆ ಅಂದು ಬುತ್ತಿಯ ಗಂಟು ಬರಿದಾಗಿರಬಾರದು.

ಆದರೆ ಗಂಟಿಗೆ ಸೇರಿಸಬಾರದ ವಸ್ತುವೂ ಒಂದುಂಟು. ಕೆಲಸದಲ್ಲಿ ಗಳಿಸಿದ ನೈಪುಣ್ಯ ಕಲಿತವನ ಸ್ವತ್ತು. ಅದನ್ನು ಯಾರೂ ಕಸಿದುಕೊಳ್ಳಲಾರರು. ಆದರೆ ಕಂಪನಿಯ ಗುಟ್ಟಿನ ತಂತ್ರಾಂಶ, ಗಿರಾಕಿಗಳ ಪಟ್ಟಿ, ಬಳಕೆದಾರರ ಮಾಹಿತಿ ಇವು ಪರರ ಸ್ವತ್ತು. ಇವೆರಡರ ನಡುವಣ ಗೆರೆಯನ್ನು ಅರಿಯದವನು ಉದ್ಯಮಿಯಾಗಲು ಯೋಗ್ಯನಲ್ಲ.

ಇನ್ನು, ಈ ಬುತ್ತಿಯಲ್ಲಿ ಎಲ್ಲರಿಗೂ ಸಮಾನವಾಗಿ ದೊರೆಯದ ಪದಾರ್ಥವೊಂದಿದೆ. ಅದು ಸೋತರೂ ಬದುಕುವ ನೆಲೆ. ಜಾನ್ ಕೂಮ್ 1992ರಲ್ಲಿ, ಹದಿನಾರರ ಹರೆಯದಲ್ಲಿ, ತಾಯಿಯೊಡನೆ ಉಕ್ರೇನಿನಿಂದ ಅಮೆರಿಕಕ್ಕೆ ಬಂದ ಬಡ ಹುಡುಗ. ಸರ್ಕಾರ ಬಡವರಿಗೆ ಕೊಡುವ ಆಹಾರದ ಚೀಟಿಗಳು ಆ ಮನೆಯ ಒಲೆಯನ್ನು ಉರಿಸಿದುವು. ಹಳೆಯ ಪುಸ್ತಕದಂಗಡಿಯಿಂದ ತಂದ ಪುಸ್ತಕಗಳಲ್ಲಿ ಅವರು ಕಂಪ್ಯೂಟರ್ ಜಾಲಗಳ ವಿದ್ಯೆ ಕಲಿತರು. ಆ ಕಷ್ಟದ ದಿನಗಳಲ್ಲಿ ಸಮಾಜವು ಹಿಡಿದ ಕೈ, ಮುಂದೆ ನೌಕರಿಯಲ್ಲಿ ಕೂಡಿಟ್ಟ ಉಳಿತಾಯ, ಇವೆರಡೂ ಇಲ್ಲದಿದ್ದರೆ 2007ರಲ್ಲಿ ಅವರು ಕೆಲಸ ಬಿಡಬಹುದಾಗಿತ್ತೆ? ನಮ್ಮಲ್ಲಿ ಓದಿನ ಸಾಲ ತೀರದ, ತಂದೆಯ ಔಷಧದ ಖರ್ಚು ಹೊತ್ತ, ತಮ್ಮ ತಂಗಿಯರನ್ನು ಓದಿಸಬೇಕಾದ ಎಷ್ಟೋ ಮಂದಿ ಪ್ರತಿಭಾವಂತರು ಕೆಲಸ ಬಿಡಲಾರದೆ ಇದ್ದಾರೆ. ಅವರನ್ನು ಅಂಜುಬುರುಕರೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಸಾಹಸವು ಉಳ್ಳವರ ಮಕ್ಕಳ ಸೊತ್ತಷ್ಟೇ ಆದರೆ ನಾಡು ಕಳೆದುಕೊಳ್ಳುವುದು ಉಳಿದವರ ಬುದ್ಧಿಯನ್ನು. ಆರೋಗ್ಯದ ಖರ್ಚಿಗೆ ಆಸರೆ, ಎಲ್ಲ ಊರುಗಳಲ್ಲಿ ಒಳ್ಳೆಯ ಗ್ರಂಥಾಲಯ, ಸೋತು ಮರಳಿದವರನ್ನು ಹಂಗಿಸದೆ ಮತ್ತೆ ಕೆಲಸಕ್ಕೆ ಕರೆದುಕೊಳ್ಳುವ ಕಂಪನಿಗಳು: ಇವೂ ವಿಜ್ಞಾನದ ಪ್ರಗತಿಗೆ ಪ್ರಯೋಗಶಾಲೆಗಳಷ್ಟೇ ಅವಶ್ಯ.

ಸಮಾಜದಿಂದ ಬುತ್ತಿ ಪಡೆದವರಿಗೆ ಸಮಾಜದ ಋಣವೂ ಇರುತ್ತದೆ. ಜಾಹೀರಾತುಗಳನ್ನು ಮಾರುವುದಿಲ್ಲವೆಂದು ವಾಟ್ಸಾಪಿನ ಸ್ಥಾಪಕರು 2012ರಲ್ಲಿ ಬಹಿರಂಗವಾಗಿ ಬರೆದಿದ್ದರು. ಕಂಪನಿಯನ್ನು ಮಾರಿದ ಮೇಲೆ ಆ ಮಾತನ್ನು ಉಳಿಸುವ ಅಧಿಕಾರ ಅವರ ಕೈಯಲ್ಲಿ ಉಳಿಯಲಿಲ್ಲ. 2017ರಲ್ಲಿ ಆಕ್ಟನ್ ಎರಡನೆಯ ಸಲ ನೌಕರಿ ಬಿಟ್ಟರು. 2018ರಲ್ಲಿ ಐದು ಕೋಟಿ ಡಾಲರುಗಳನ್ನು ಕೊಟ್ಟು, ಸಂದೇಶಗಳ ಗೋಪ್ಯವನ್ನು ಕಾಯುವ, ಲಾಭಕ್ಕಾಗಿ ನಡೆಯದ ಸಿಗ್ನಲ್ ಪ್ರತಿಷ್ಠಾನದ ಸ್ಥಾಪನೆಗೆ ನೆರವಾದರು. ಕೂಮ್ ಕೂಡ 2018ರಲ್ಲಿ ಹೊರಬರುವುದಾಗಿ ಸಾರಿದರು. 2025ರ ಜೂನ್‌ನಲ್ಲಿ ವಾಟ್ಸಾಪಿನ ಒಂದು ಭಾಗದಲ್ಲಿ ಜಾಹೀರಾತುಗಳು ಬರುವುವೆಂದು ಅದರ ಒಡೆಯರು ಪ್ರಕಟಿಸಿದರು. ಆಕ್ಟನ್ ಮೊದಲನೆಯ ಸಲ ಬಿಟ್ಟಾಗ ಜಗತ್ತು ಚಪ್ಪಾಳೆ ತಟ್ಟಿತು. ನನ್ನ ಮಟ್ಟಿಗೆ ಹೆಚ್ಚು ವಿಚಾರಯೋಗ್ಯವಾದುದು ಎರಡನೆಯದು. ಅಲ್ಲಿ ಅವರು ಬಿಟ್ಟದ್ದು ಸಂಬಳವನ್ನು ಮಾತ್ರವಲ್ಲ, ತಾವೇ ಹೆತ್ತು ಮಾರಿದ ವಸ್ತುವನ್ನು.

ಆದುದರಿಂದ ವಿದ್ಯಾರ್ಥಿಮಿತ್ರರು ‘ನಾನು ಯಾವಾಗ ನೌಕರಿ ಬಿಡಲಿ?’ ಎಂಬುದನ್ನು ಮೊದಲ ಪ್ರಶ್ನೆಯಾಗಿ ಇಟ್ಟುಕೊಳ್ಳದಿರಲಿ. ನನಗೆ ಯಾವ ವಿದ್ಯೆ ಇತರರಿಗಿಂತ ಚೆನ್ನಾಗಿ ಬರುತ್ತದೆ? ಜನರ ಯಾವ ತೊಡಕನ್ನು ನಾನು ನನ್ನ ಕಣ್ಣಿನಿಂದಲೇ ಕಂಡಿದ್ದೇನೆ? ನಿನ್ನೆ ಅಸಾಧ್ಯವಾಗಿದ್ದುದು ಇಂದು ಸಾಧ್ಯವಾಗುವಂತೆ ವಿಜ್ಞಾನದಲ್ಲಿ ಏನು ಬದಲಾಗಿದೆ? ಸೋತರೆ ನನ್ನನ್ನು ನೆಚ್ಚಿದವರ ಗತಿಯೇನು? ಗೆದ್ದರೆ ನನ್ನನ್ನು ನಂಬಿದವರಿಗೆ ಕೊಟ್ಟ ಮಾತಿನ ಗತಿಯೇನು? ಈ ಐದಕ್ಕೂ ಉತ್ತರ ಸಿಕ್ಕಿದ ದಿನ ರಾಜೀನಾಮೆಯ ಪತ್ರವನ್ನು ಎರಡೇ ಸಾಲಿನಲ್ಲಿ ಬರೆದು ಮುಗಿಸಬಹುದು.